ಕೆಟ್ಟ ಯೋಚನೆಯನ್ನ ಪ್ರಶ್ನೆ ಮಾಡಿ ಅಂತಾರೆ, ಅದನ್ನ ಮಾಡೋದು ಹೇಗೆ?

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು.

ಆಫೀಸಲ್ಲಿ ಒಂದು ರಿಪೋರ್ಟ್ ಕಳಿಸಿದ್ದೆ. ಸಂಜೆ ಮ್ಯಾನೇಜರಿಂದ ಒಂದೇ ಸಾಲು ಬಂತು: "ನಾಳೆ ಇದರ ಬಗ್ಗೆ ಮಾತಾಡೋಣ." ನೋಡಿದ ತಕ್ಷಣ ಎದೆ ಧಸಕ್ಕಂತು. ರಿಪೋರ್ಟ್ ಕೆಟ್ಟಿದೆ, ನನ್ನ ಮೇಲೆ ನಂಬಿಕೆ ಹೋಯ್ತು, ಪ್ರಮೋಶನ್ ಹೋಯ್ತು, ಕೆಲಸಾನೂ ಹೋಗುತ್ತೆ, ಮನೇಲಿ ಏನಂತ ಹೇಳಲಿ... ಮಲಗೋ ಹೊತ್ತಿಗೆ ತಲೇಲಿ ನನ್ನ ಕಥೆ ಮುಗಿದೇ ಹೋಗಿತ್ತು. ಮೀಟಿಂಗ್ ಇನ್ನೂ ಆಗಿಲ್ಲ, ಅವರು ರಜೆ ಹಾಕಿ ಮುಂದಕ್ಕೆ ಹೋಗಿದೆ. ನನಗೆ ನಿದ್ದೆ ಇಲ್ಲ.

ಕೌನ್ಸೆಲರ್ ಹತ್ರ ಹೋಗೋಕೆ ಶುರು ಮಾಡಿದ್ದೀನಿ. "ಯೋಚನೆಯನ್ನ ನಂಬೋ ಮುಂಚೆ ಪ್ರಶ್ನೆ ಮಾಡಿ" ಅಂದರು. ಆದ್ರೆ ನಾನು ಏನು ಕೇಳಿದರೂ ಅದರ ಹತ್ರ ಉತ್ತರ ಇದೆ! "ಇದು ನಿಜಾನಾ?" ಅಂದ್ರೆ "ನಿಜಾನೇ, ಹಿಂದೆ ಒಂದ್ಸಲ ಬೈಸ್ಕೊಂಡಿಲ್ವಾ?" ಅನ್ನುತ್ತೆ. ಸ್ನೇಹಿತರು "ಪಾಸಿಟಿವ್ ಆಗಿ ಯೋಚಿಸು" ಅಂತಾರೆ, ಅದು ಒಂದು ನಿಮಿಷಾನೂ ನಿಲ್ಲಲ್ಲ. ನಿಜವಾಗಿ ಮಾಡಿ ಉಪಯೋಗ ಕಂಡವರು ಇದ್ದರೆ ಹೇಳಿ.

ಮಸಿಕುಡಿಕೆ:

ಹೊಂಗೆನೆರಳು ಅವರೇ, ತಲೆಯೊಳಗೇ ಕೇಳಿದರೆ ಅದೇ ಗೆಲ್ಲೋದು. ಭಯ ಆಗಿರುವಾಗ ಸಾಕ್ಷಿ ಹುಡುಕೋದೂ ಆ ಭಯವೇ, ತೀರ್ಪು ಕೊಡೋದೂ ಅದೇ. ಅದಕ್ಕೇ ಬರೆಯಬೇಕು. ಹಾಳೆ ಮೇಲೆ, ಕೈಯಲ್ಲಿ.

ಇದರ ಹಿಂದಿರೋರು ಆರನ್ ಬೆಕ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮನೋವೈದ್ಯರು. 1921ರಲ್ಲಿ ಹುಟ್ಟಿ 2021ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಮೊದಲು ಫ್ರಾಯ್ಡ್ ದಾರಿಯ ಮನೋವಿಶ್ಲೇಷಣೆ ಕಲಿತಿದ್ದವರು. ಖಿನ್ನತೆ ಇರೋರ ಮಾತು ಕೇಳ್ತಾ ಕೇಳ್ತಾ ಅವರಿಗೆ ಗೊತ್ತಾಗಿದ್ದು ಇದು: ಬಾಯಲ್ಲಿ ಬರೋ ಮಾತಿನ ಜೊತೆಜೊತೆಗೇ ಇನ್ನೊಂದು ಯೋಚನೆ ಒಳಗೆ ಓಡ್ತಾ ಇರುತ್ತೆ. "ನನ್ನ ಮಾತು ಕೇಳಿ ಡಾಕ್ಟರಿಗೆ ಬೇಜಾರಾಗ್ತಿದೆ" ಅನ್ನೋ ಥರದ್ದು. ತಾನಾಗೇ ಬರುತ್ತೆ, ಥಟ್ಟನೆ ಬರುತ್ತೆ, ಬಂದಿದ್ದೇ ಗೊತ್ತಾಗಲ್ಲ. ಉಳಿಯೋದು ಅದು ಬಿಟ್ಟುಹೋದ ಸಂಕಟ ಮಾತ್ರ. 1960ರ ದಶಕದಲ್ಲಿ ಅವರು ಕಟ್ಟಿದ ಚಿಕಿತ್ಸೆ, ಆ ಯೋಚನೆಯನ್ನ ಹಿಡಿದು ಹೊರಗಿಟ್ಟು ನೋಡೋದನ್ನ ಕಲಿಸುತ್ತೆ. ಈಗ ಸಿಬಿಟಿ ಅಂತ ಕರೆಯೋದರ (ಯೋಚನೆ, ನಡವಳಿಕೆ ಎರಡರ ಮೇಲೂ ಕೆಲಸ ಮಾಡೋ ಮಾತಿನ ಚಿಕಿತ್ಸೆ) ಒಂದು ಬೇರು ಅದೇ.

ನಿಮ್ಮ ವಿಷಯಾನೇ ತಗೊಳ್ಳೋಣ. ಹಾಳೆಯಲ್ಲಿ ಮೊದಲು ಏನಾಯ್ತು ಅಂತ ಬರೀರಿ, ಪಕ್ಕದಲ್ಲಿ ನಿಂತ ಮೂರನೆಯವರಿಗೆ ಕಾಣುವಷ್ಟು ಮಾತ್ರ. "ಮ್ಯಾನೇಜರ್ ಸಿಟ್ಟಲ್ಲಿ ಮೆಸೇಜ್ ಮಾಡಿದರು" ಅಲ್ಲ. "ನಾಳೆ ಮಾತಾಡೋಣ ಅಂತ ಮೆಸೇಜ್ ಬಂತು." ಸಿಟ್ಟು ನಿಮ್ಮ ಕಡೆಯಿಂದ ಸೇರಿದ್ದು. ಇಷ್ಟು ಬರೆಯುವಾಗಲೇ ಅರ್ಧ ಗಾಳಿ ಇಳಿಯೋದುಂಟು. ಆಮೇಲೆ ಭಾವನೆ: ಭಯ, ನಾಚಿಕೆ, ಏನಿದೆಯೋ ಅದು, ನೂರಕ್ಕೆ ಎಷ್ಟು. ಆಮೇಲೆ ಯೋಚನೆ, ತಲೆಗೆ ಬಂದ ಮಾತಲ್ಲೇ, ತಿದ್ದದೆ. ಅದನ್ನ ಎಷ್ಟು ನಂಬ್ತೀರಿ, ಅದೂ ನೂರಕ್ಕೆ.

ನಂತರ ಎಲ್ಲರೂ ಹಾರಿಸಿಬಿಡೋ ಭಾಗ ಬರುತ್ತೆ. ಆ ಯೋಚನೆಯ ಪರವಾಗಿ ಇರೋ ಸಾಕ್ಷಿಯನ್ನ ಮೊದಲು ಬರೀಬೇಕು, ಮನಸಾರೆ. ಹಿಂದೆ ಬೈಸ್ಕೊಂಡಿದ್ದರೆ ಅದೂ ಬರಲಿ. ಬಚ್ಚಿಟ್ಟರೆ ಆಮೇಲೆ ನೀವು ಬರೆಯೋ ಯಾವುದನ್ನೂ ನಿಮ್ಮ ಮನಸ್ಸು ನಂಬಲ್ಲ. ಆದರೆ ಒಂದೇ ನಿಯಮ: "ನನಗೆ ಹಾಗನ್ನಿಸ್ತಿದೆ" ಅನ್ನೋದು ಸಾಕ್ಷಿ ಅಲ್ಲ. ಎದೆ ಹೊಡ್ಕೊಳ್ತಿದೆ ಅನ್ನೋದೂ ಅಲ್ಲ. ಆಮೇಲೆ ವಿರುದ್ಧದ ಸಾಕ್ಷಿ. ಇದು ತಾನಾಗೇ ಹೊಳೆಯಲ್ಲ, ಹುಡುಕಬೇಕು. ಇದೇ ಮ್ಯಾನೇಜರ್ ಬೇರೆಯವರಿಗೂ ಹೀಗೇ ಒಂದು ಸಾಲು ಬರೀತಾರಾ? ಹಿಂದೆ "ಮಾತಾಡೋಣ" ಅಂದಾಗೆಲ್ಲ ಏನಾಗಿತ್ತು? ಇದೇ ಮೆಸೇಜ್ ನಿಮ್ಮ ಪಕ್ಕದ ಸೀಟಿನವರಿಗೆ ಬಂದಿದ್ದರೆ ಅವರಿಗೆ ನೀವೇನು ಹೇಳ್ತಿದ್ರಿ?

ಕೊನೆಗೆ ಎರಡೂ ಕಡೆಯದು ನೋಡಿ ಒಂದು ವಾಕ್ಯ. ಅದು ಸಿಹಿಯಾಗಿರಬೇಕಿಲ್ಲ, ನೀವು ನಂಬೋ ಹಾಗಿದ್ದರೆ ಸಾಕು. ಮತ್ತೆ ಭಯ ನೂರಕ್ಕೆ ಎಷ್ಟು ಅಂತ ನೋಡಿ. 90 ಇದ್ದದ್ದು 60 ಆದರೆ ಕೆಲಸ ಆಯ್ತು ಅಂತಲೇ ಲೆಕ್ಕ. ಸೊನ್ನೆ ಆಗಬೇಕು ಅಂತ ಕೂತರೆ ಈ ಹಾಳೆ ನಿಮಗೆ ಇನ್ನೊಂದು ಪರೀಕ್ಷೆ ಆಗಿಬಿಡುತ್ತೆ.

ಮುಗುಳುನಗೆಯ ಕಮಲ:

ಮಸಿಕುಡಿಕೆ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. "ಪಾಸಿಟಿವ್ ಆಗಿ ಯೋಚಿಸು" ನಿಲ್ಲದೇ ಇರೋದಕ್ಕೆ ನಿಮ್ಮಲ್ಲಿ ಏನೋ ಕೊರತೆ ಇದೆ ಅಂದ್ಕೊಬೇಡಿ. 2009ರಲ್ಲಿ ಜೋಆನ್ ವುಡ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿದ್ದರು. ತಮ್ಮ ಬಗ್ಗೆ ತಮಗೇ ಒಳ್ಳೆ ಅಭಿಪ್ರಾಯ ಇಲ್ಲದವರು "ನಾನು ಪ್ರೀತಿಗೆ ಯೋಗ್ಯ" ಅನ್ನೋ ಥರದ ಮಾತನ್ನ ಮತ್ತೆ ಮತ್ತೆ ಹೇಳ್ಕೊಂಡಾಗ ಅವರ ಮನಸ್ಸು ಹೇಳ್ಕೊಳ್ಳದವರಿಗಿಂತ ಕೆಟ್ಟಿತು. ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಅದು ತಿರುಗಿ ಬಿತ್ತು.

ತಳ್ಳಿಹಾಕಿದರೂ ಕಷ್ಟವೇ. 1987ರಲ್ಲಿ ಡೇನಿಯಲ್ ವೆಗ್ನರ್ ಜನರಿಗೆ "ಬಿಳಿ ಕರಡಿ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಹೊಡೀರಿ" ಅಂದರು. ಗಂಟೆ ಹೊಡೀತಾನೇ ಇತ್ತು. ಆಮೇಲೆ "ಈಗ ಬೇಕಾದರೆ ಯೋಚಿಸಿ" ಅಂದಾಗ, ಮೊದಲಿಂದಲೂ ಯೋಚಿಸೋಕೆ ಬಿಟ್ಟಿದ್ದವರಿಗಿಂತ ತಡೆಹಿಡಿದಿದ್ದವರಿಗೇ ಕರಡಿ ಹೆಚ್ಚು ಬಂತು. ಅಂದರೆ ಒಳ್ಳೆ ಮಾತನ್ನ ಮೇಲೆ ಬಳಿದರೂ ಆಗಲ್ಲ, ಬಾಗಿಲು ಹಾಕಿದರೂ ಆಗಲ್ಲ. ಕೂರಿಸ್ಕೊಂಡು ವಿಚಾರಿಸೋದೊಂದೇ ಉಳಿಯೋದು.

ಹೊಂಗೆನೆರಳು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬರೆದೆ. ಯೋಚನೆ ಕಾಲಂನಲ್ಲಿ ಬಂದಿದ್ದು ಇದು: "ಯಾಕೆ ಯಾವಾಗಲೂ ನನಗೇ ಹೀಗಾಗುತ್ತೆ? ತುಂಬಾ ಭಯ ಆಗ್ತಿದೆ. ಏನಾಗುತ್ತೋ ಏನೋ." ಸಾಕ್ಷಿ ಬರೆಯೋಕೆ ಹೋದರೆ ಏನೂ ತೋಚ್ತಿಲ್ಲ.

ಮಸಿಕುಡಿಕೆ:

ತೋಚಲ್ಲ, ಯಾಕೆಂದರೆ ಅಲ್ಲಿ ಸುಳ್ಳು ಅಥವಾ ನಿಜ ಅಂತ ಹೇಳಬಹುದಾದ ಮಾತೇ ಇಲ್ಲ. "ಭಯ ಆಗ್ತಿದೆ" ಭಾವನೆ. ಅದಕ್ಕೆ ಸಾಕ್ಷಿ ಕೇಳೋ ಹಾಗಿಲ್ಲ, ಆಗ್ತಿದೆ ಅಂದ್ರೆ ಆಗ್ತಿದೆ. ಅದನ್ನ ಎತ್ತಿ ಭಾವನೆ ಕಾಲಂಗೆ ಹಾಕಿ. "ಯಾಕೆ ನನಗೇ ಹೀಗೆ?" ಪ್ರಶ್ನೆ. ಪ್ರಶ್ನೆಯನ್ನ ಪ್ರಶ್ನೆ ಮಾಡೋಕಾಗಲ್ಲ. ಅದರ ಹೊಟ್ಟೇಲಿರೋ ಹೇಳಿಕೆಯನ್ನ ಹೊರಗೆ ತೆಗೀರಿ. "ಏನಾಗುತ್ತೋ ಏನೋ" ಅಂತೀರಲ್ಲ, ಏನಾಗುತ್ತೆ ಅಂತ ಭಯ? ನೇರವಾಗಿ ಬರೀರಿ, ಎಷ್ಟೇ ಬಾಲಿಶ ಅನ್ನಿಸಿದರೂ ಸರಿ.

ಹೊಂಗೆನೆರಳು:

"ಈ ರಿಪೋರ್ಟ್ ಕಾರಣಕ್ಕೆ ನನ್ನನ್ನ ಕೆಲಸದಿಂದ ತೆಗೀತಾರೆ. ನಂಬಿಕೆ 85."

ಬರೆದ ಮೇಲೆ ನೋಡಿದರೆ ಒಂಥರಾ ಆಯ್ತು. ಇಷ್ಟು ದಿನ ಇದನ್ನೇ ನಂಬ್ಕೊಂಡು ಕೂತಿದ್ದೆ, ಒಂದು ಸಲಾನೂ ಪೂರ್ತಿ ವಾಕ್ಯವಾಗಿ ಕೇಳಿಸ್ಕೊಂಡಿರಲಿಲ್ಲ. ಪರ: ಒಂದು ಟೇಬಲ್‌ನಲ್ಲಿ ಹಳೇ ಅಂಕಿ ಉಳಿದಿತ್ತು, ಕಳಿಸಿದ ಮೇಲೆ ಗೊತ್ತಾಯ್ತು. ಹಿಂದೆ ಒಮ್ಮೆ ತಡ ಮಾಡಿದ್ದಕ್ಕೆ ಬೈದಿದ್ದರು. ವಿರುದ್ಧ: ನಮ್ಮ ಟೀಮಲ್ಲಿ ರಿಪೋರ್ಟ್ ತಪ್ಪಾಯ್ತು ಅಂತ ಯಾರನ್ನೂ ತೆಗೆದಿದ್ದು ನೋಡಿಲ್ಲ. ಅವರು ಎಲ್ಲರಿಗೂ ಇಷ್ಟೇ ಚುಟುಕಾಗಿ ಬರೆಯೋದು. ಹೋದ ವಾರ ಹೊಸ ಹುಡುಗನಿಗೆ ಕೆಲಸ ಕಲಿಸೋದನ್ನ ನನಗೇ ವಹಿಸಿದ್ದಾರೆ.

ಕೊನೆ ವಾಕ್ಯ: "ರಿಪೋರ್ಟಲ್ಲಿ ಒಂದು ತಪ್ಪಿದೆ, ಅದನ್ನ ಕೇಳಬಹುದು, ಮುಜುಗರ ಆಗಬಹುದು, ಕೆಲಸ ಹೋಗುತ್ತೆ ಅನ್ನೋದಕ್ಕೆ ಈಗ ಕಾರಣ ಕಾಣ್ತಿಲ್ಲ." ನಂಬಿಕೆ 85ರಿಂದ 40. ಭಯ ಇನ್ನೂ ಇದೆ, ಆದ್ರೆ ಅದರ ಮಾತು ಕಡಿಮೆ ಆಗಿದೆ.

ಎರಡನೇಸೆಮ್:

ಅಣ್ಣ, ನಿಮ್ಮದು ಸರಿ, ನಿಮಗೆ ವಿರುದ್ಧದ ಸಾಕ್ಷಿ ಇದೆ. ನನ್ನ ಯೋಚನೆ ನಿಜಾನೇ ಆಗಿದ್ದರೆ? ಎರಡು ಸಬ್ಜೆಕ್ಟ್ ಹೋಗಿದೆ. ಫೇಲ್ ಆಗಿದ್ದೀನಿ. ಇದರಲ್ಲಿ ಪ್ರಶ್ನೆ ಮಾಡೋಕೆ ಏನಿದೆ? ಮಾರ್ಕ್ಸ್ ಕಾರ್ಡ್ ಸುಳ್ಳು ಹೇಳಲ್ಲ.

ತಂಗಾಳಿ:

ಇಲ್ಲಪ್ಪ, ಮಾರ್ಕ್ಸ್ ಕಾರ್ಡ್ ಸುಳ್ಳು ಹೇಳಲ್ಲ. ಅದನ್ನ ಪ್ರಶ್ನೆ ಮಾಡಬೇಡ. ಎರಡು ಸಬ್ಜೆಕ್ಟ್ ಹೋಗಿದೆ ಅನ್ನೋದು ನಡೆದ ಸಂಗತಿ, ಬೇಜಾರಾಗೋದು ಸಹಜ, ಆ ಬೇಜಾರನ್ನ ಯಾರೂ ವಾದ ಮಾಡಿ ಓಡಿಸಬಾರದು.

ಆದರೆ ನಿನ್ನ ತಲೇಲಿ ಓಡ್ತಿರೋದು ಅಷ್ಟೇನಾ? "ಎರಡು ಸಬ್ಜೆಕ್ಟ್ ಹೋಗಿದೆ" ಅನ್ನೋ ಮಾತಿಗೆ ಯಾರಿಗೂ ರಾತ್ರಿ ನಿದ್ದೆ ಹೋಗಲ್ಲ. ನಿದ್ದೆ ಹೋಗೋದು ಅದರ ಹಿಂದೆ ಬರೋದರಿಂದ. ಹೀಗೆ ಕೇಳ್ಕೋ: ಹೋಗಿದೆ, ಸರಿ, ಹಾಗಾದರೆ ಏನಾಯ್ತು? ಉತ್ತರ ಬಂದ ಮೇಲೆ ಮತ್ತೆ ಅದನ್ನೇ ಕೇಳು. ಯಾವುದೋ ಒಂದು ಕಡೆ ಮಾತು ನಿಂತುಹೋಗುತ್ತೆ, ಅದೇ ನೋಯ್ತಿರೋ ಜಾಗ. ಒಬ್ಬನೇ ಇದ್ದು ಮಾಡೋಕೆ ಕಷ್ಟ ಆದರೆ ಇಲ್ಲೇ ಬರಿ, ನಾವಿದ್ದೀವಿ.

ಎರಡನೇಸೆಮ್:

ಹಾಗಾದರೆ ಈ ವರ್ಷ ಹಿಂದೆ ಬೀಳ್ತೀನಿ. ಹಾಗಾದರೆ ಎಲ್ಲರೂ ಮುಂದೆ ಹೋಗ್ತಾರೆ. ಹಾಗಾದರೆ ಅಪ್ಪ ಅಮ್ಮ ನನಗೆ ಹಾಕಿದ್ದೆಲ್ಲ ದಂಡ. ಹಾಗಾದರೆ ನಾನು ಯಾವುದಕ್ಕೂ ಲಾಯಕ್ಕಿಲ್ಲ.

ಅಲ್ಲಿಗೆ ನಿಂತುಹೋಯ್ತು ಅಕ್ಕ.

ತಂಗಾಳಿ:

ಬರೆದಿದ್ದಕ್ಕೆ ಖುಷಿ ಆಯ್ತು, ಸುಲಭ ಅಲ್ಲ ಅದು.

ಈಗ ನೋಡು, ಎರಡು ಪೇಪರಿಂದ ಶುರುವಾಗಿ ಇಡೀ ಮನುಷ್ಯನ ಮೇಲೆ ಬಂದು ನಿಂತಿದೆ. ಪೇಪರ್ ಹೇಳೋದು ಆ ಎರಡು ಸಬ್ಜೆಕ್ಟಲ್ಲಿ ಆ ದಿನ ನೀನು ಬರೆದಿದ್ದು ಸಾಲಲಿಲ್ಲ ಅಂತ. "ಯಾವುದಕ್ಕೂ ಲಾಯಕ್ಕಿಲ್ಲ" ಅಂತ ಯಾವ ಮಾರ್ಕ್ಸ್ ಕಾರ್ಡೂ ಹೇಳಲ್ಲ, ಅಲ್ಲಿ ಅಂಥ ಕಾಲಮ್ಮೇ ಇಲ್ಲ. ಅದನ್ನ ಹಾಳೆಗೆ ಹಾಕು. ಮೇಲಿನ ಸಂಗತಿಗೆ ಬೇಕಾಗಿರೋದು ಬೇರೆ ಥರದ ಪ್ರಶ್ನೆ: ಮರುಪರೀಕ್ಷೆ ಯಾವಾಗ, ಯಾವ ಯೂನಿಟ್ ಕೈ ಕೊಡ್ತು, ಯಾರ ಹತ್ರ ಹೇಳಿಸ್ಕೊಬಹುದು. ಇವಕ್ಕೆ ಸಾಕ್ಷಿ ಬೇಡ, ಟೈಮ್‌ಟೇಬಲ್ ಬೇಕು. ಎರಡನ್ನೂ ಕಲೆಸಿದರೆ ಓದೋಕೂ ಆಗಲ್ಲ, ಸಮಾಧಾನಾನೂ ಆಗಲ್ಲ.

ದೀಪದಮಲ್ಲಿ:

ಇಡೀ ಚರ್ಚೆ ಚೆನ್ನಾಗಿದೆ. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ನನಗೆ ಒಸಿಡಿ ಇದೆ, ಗೀಳು ಕಾಯಿಲೆ. ನನ್ನಂಥವರಿಗೆ ಈ ಸಾಕ್ಷಿ ಹುಡುಕೋದೇ ಬಲೆ ಆಗಬಹುದು.

ನನಗೆ ಬರೋ ಯೋಚನೆ "ನಾನು ಯಾರಿಗಾದರೂ ಏನಾದರೂ ಮಾಡಿಬಿಟ್ಟರೆ?" ಅನ್ನೋ ಥರದ್ದು. ಇಲ್ಲ, ನಾನು ಅಂಥವಳಲ್ಲ ಅಂತ ಸಾಕ್ಷಿ ಪಟ್ಟಿ ಮಾಡ್ತೀನಿ, ಐದು ನಿಮಿಷ ಹಾಯೆನಿಸುತ್ತೆ, ಆಮೇಲೆ "ಖಂಡಿತಾನಾ?" ಅಂತ ಮತ್ತೆ ಬರುತ್ತೆ. ಕಜ್ಜಿ ಕೆರೆದ ಹಾಗೆ, ಕೆರೆದಷ್ಟೂ ಹೆಚ್ಚು. ನನ್ನ ಡಾಕ್ಟರ್ ಮೊದಲು ಹೇಳಿದ್ದು ಇಂಥ ಯೋಚನೆ ಎಲ್ಲರಿಗೂ ಬರುತ್ತೆ ಅಂತ. 1978ರಲ್ಲೇ ರಾಕ್‌ಮನ್ ಮತ್ತು ಡಿ ಸಿಲ್ವ ಅನ್ನೋರು ಯಾವ ಕಾಯಿಲೆಯೂ ಇಲ್ಲದವರನ್ನ ಕೇಳಿ ನೋಡಿದ್ದರು. ಅವರಲ್ಲಿ ಬಹುಪಾಲು ಜನಕ್ಕೂ ಇಂಥವೇ ಯೋಚನೆಗಳು ಬರ್ತಿದ್ದವು. ಅವರು ಅದಕ್ಕೆ ಬೆಲೆ ಕೊಡದೆ ಮುಂದೆ ಹೋಗ್ತಾರೆ, ನಾವು ಹಿಡ್ಕೊಂಡು ವಿಚಾರಣೆ ಮಾಡ್ತೀವಿ. ಹಾಗಾಗಿ ನನ್ನ ಚಿಕಿತ್ಸೇಲಿ ಕಲಿಸಿದ್ದು ಉತ್ತರ ಕೊಡದೇ ಇರೋದನ್ನ. ಯೋಚನೆ ಬರಲಿ, ಖಾತ್ರಿ ಇಲ್ಲದೇ ಇರಲಿ, ನಾನು ಮಾಡ್ತಿದ್ದ ಕೆಲಸ ಮುಂದುವರಿಸೋದು. ಒಬ್ಬರೇ ಮಾಡೋದಲ್ಲ, ತರಬೇತಿ ಇರೋರ ಜೊತೆ ಮೆಟ್ಟಿಲು ಮೆಟ್ಟಿಲಾಗಿ.

ಒಂದೇ ಯೋಚನೆಗೆ ಒಂದೇ ಹಾಳೆಯನ್ನ ಮತ್ತೆ ಮತ್ತೆ ತುಂಬ್ತಿದ್ದೀರಿ, ತುಂಬದಿದ್ದರೆ ತಡೆಯೋಕಾಗ್ತಿಲ್ಲ ಅಂದರೆ, ಅಲ್ಲಿಗೆ ನಿಲ್ಲಿಸಿ ಡಾಕ್ಟರನ್ನ ಕೇಳಿ.

ಮಸಿಕುಡಿಕೆ:

ದೀಪದಮಲ್ಲಿ ಅವರು ಹೇಳಿದ್ದನ್ನ ಎಲ್ಲರೂ ಎರಡು ಸಲ ಓದಬೇಕು. ಬೇರೆಯವರಿಗೂ ಇದು ಅನ್ವಯಿಸುತ್ತೆ. ವಿಚಾರಣೆ ಅಂದರೆ ಅದಕ್ಕೊಂದು ಕೊನೆ ಇರಬೇಕು. ಅದೇ ವಿಷಯವನ್ನ ಗಂಟೆಗಟ್ಟಲೆ ಮೆಲುಕು ಹಾಕ್ತಾ "ಯಾಕೆ ನಾನು ಹೀಗೆ" ಅಂತ ಸುತ್ತೋದು ಪ್ರಶ್ನೆ ಮಾಡೋದಲ್ಲ, ನೋಡೋಕೆ ಹಾಗೆ ಕಾಣುತ್ತೆ ಅಷ್ಟೇ. ನಾನು ಹಾಳೆ ಮುಗಿದ ಮೇಲೆ ಎದ್ದು ಹೋಗ್ತೀನಿ.

ನೇಸರ:

ನನಗೆ ಬರವಣಿಗೆ ಅಷ್ಟಾಗಿ ಹತ್ತಲಿಲ್ಲ. ನನ್ನದು ಮೀಟಿಂಗಲ್ಲಿ ಬಾಯಿ ಬಿಟ್ಟರೆ ಎಲ್ಲರೂ ದಡ್ಡ ಅಂದ್ಕೋತಾರೆ ಅನ್ನೋ ಯೋಚನೆ. ಹಾಳೇಲಿ ಎಷ್ಟು ಬರೆದರೂ ಅದು ಅಲುಗಲಿಲ್ಲ. ಅದನ್ನ ಅಲುಗಿಸಿದ್ದು ಮಾಡಿ ನೋಡಿದ್ದು. ಥೆರಪಿಸ್ಟ್ ಹೇಳಿದ ಹಾಗೆ ಮೊದಲು ಭವಿಷ್ಯವಾಣಿ ಬರೆದಿಟ್ಟೆ: "ನಾನು ಪ್ರಶ್ನೆ ಕೇಳಿದರೆ ಕನಿಷ್ಠ ಇಬ್ಬರು ನಗ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ." ಆಮೇಲೆ ನನಗೆ ನಿಜವಾಗಿ ಅರ್ಥವಾಗದ ಒಂದು ವಿಷಯ ಕೇಳಿದೆ. ಕೇಳುವಾಗ ತಲೆ ಬಗ್ಗಿಸದೆ ಮುಖಗಳನ್ನ ನೋಡಬೇಕು ಅನ್ನೋದು ಷರತ್ತು, ಇಲ್ಲದಿದ್ದರೆ ಅವರು ನಕ್ಕರು ಅಂತ ನಾವೇ ಕಲ್ಪಿಸ್ಕೊಂಡು ಬಂದುಬಿಡ್ತೀವಿ. ಒಬ್ಬರು ಫೋನ್ ನೋಡ್ತಿದ್ದರು. ಒಬ್ಬರು ಉತ್ತರ ಹೇಳಿದರು. ಇನ್ನೊಬ್ಬರು ಅದನ್ನ ಬರ್ಕೊಂಡರು, ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ.

2000ದಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರದ್ದು. ವಿದ್ಯಾರ್ಥಿಗಳಿಗೆ ಮುಜುಗರ ಆಗೋ ಥರದ ಟಿ-ಶರ್ಟ್ ಹಾಕಿಸಿ ಜನ ತುಂಬಿದ ಕೋಣೆಗೆ ಕಳಿಸಿದರು. ಸುಮಾರು ಅರ್ಧ ಜನ ಗಮನಿಸಿರ್ತಾರೆ ಅಂತ ಹಾಕ್ಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದು ಅದರ ಅರ್ಧದಷ್ಟು. ಇದನ್ನ ಓದಿದಾಗ ಒಪ್ಪಿದ್ದೆ, ಆದರೆ ಮೀಟಿಂಗಲ್ಲಿ ಕಣ್ಣಾರೆ ನೋಡಿದ ಮೇಲೇ ನಂಬಿದ್ದು.

ತಂಗಾಳಿ:

ನೇಸರ ಅವರ ಮಾತಿಗೆ ಸಂಶೋಧನೆಯ ಬೆಂಬಲವೂ ಇದೆ. 1996ರಲ್ಲಿ ನೀಲ್ ಜೇಕಬ್‌ಸನ್ ತಂಡ ಖಿನ್ನತೆಯ ಚಿಕಿತ್ಸೆಯನ್ನ ಬಿಡಿಸಿ ನೋಡಿತು. ಚಟುವಟಿಕೆ ಹೆಚ್ಚಿಸೋ ಭಾಗ ಮಾತ್ರ ಪಡೆದವರೂ, ಯೋಚನೆ ತಿದ್ದೋದೂ ಸೇರಿ ಪೂರ್ತಿ ಪಡೆದವರೂ ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿದರು. ಹಾಸಿಗೆಯಿಂದ ಏಳೋಕೂ ಆಗದ ಸ್ಥಿತೀಲಿ ಇರೋರಿಗೆ ಹಾಳೆ, ಕಾಲಂ ಎಲ್ಲ ದೂರದ ಮಾತು. ಮೊದಲು ಮುಖ ತೊಳೆದು ಹೊರಗೆ ನಾಲ್ಕು ಹೆಜ್ಜೆ ನಡೆಯೋದೇ ಆ ದಿನದ ಕೆಲಸ.

ಹಳೇಕನ್ನಡಕ:

ನಾನು ವಯಸ್ಸಾದವಳು, ಮೊಮ್ಮಗಳು ಟೈಪ್ ಮಾಡೋದು ಕಲಿಸಿದ್ದಾಳೆ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನನ್ನ ಮನಸ್ಸಿನಲ್ಲಿರೋ ಪ್ರಶ್ನೆ ಬೇರೆ. "ನೀನು ಎಲ್ಲಾ ತಪ್ಪಾಗಿ ಯೋಚಿಸ್ತೀಯ" ಅನ್ನೋ ಮಾತನ್ನ ನಾನು ಜೀವನ ಪೂರ್ತಿ ಕೇಳಿದ್ದೀನಿ. ಬೈಗುಳ ತಿಂದು ಅತ್ತರೆ "ನಿನಗೆ ಹಾಗನ್ನಿಸುತ್ತೆ ಅಷ್ಟೇ" ಅಂತಿದ್ದರು. ನಿಮ್ಮ ಈ ವಿಧಾನ ಅದಕ್ಕಿಂತ ಹೇಗೆ ಬೇರೆ ಅಂತ ತಿಳ್ಕೊಬೇಕು. ಕೆಲವು ಸಲ ಯೋಚನೆ ಸರಿಯಾಗೇ ಇರುತ್ತೆ, ಮನೆ ಸರಿ ಇರಲ್ಲ.

ಮುಗುಳುನಗೆಯ ಕಮಲ:

ಅಮ್ಮಾ, ಈ ಚರ್ಚೇಲಿ ಬಂದಿರೋ ಅತಿ ಮುಖ್ಯ ಮಾತು ಇದು ಅಂತ ನನಗನ್ನಿಸುತ್ತೆ.

ವ್ಯತ್ಯಾಸ ಇದೆ, ದೊಡ್ಡ ವ್ಯತ್ಯಾಸ. ಅವರು ನಿಮ್ಮ ಹತ್ರ ಸಾಕ್ಷಿ ಕೇಳಲಿಲ್ಲ, ತೀರ್ಪು ಕೊಟ್ಟರು. ನಿಮ್ಮ ಬಾಯಿ ಮುಚ್ಚಿಸೋಕೆ ಕೊಟ್ಟ ತೀರ್ಪು ಅದು. ಹಾಳೇಲಿ ಮಾತ್ರ ನಿಮ್ಮ ಯೋಚನೆಯ ಪರವಾದ ಸಾಕ್ಷಿಗೇ ಮೊದಲ ಜಾಗ. "ಅವರು ನನ್ನನ್ನ ಹೀನಾಯವಾಗಿ ನಡೆಸ್ಕೊಳ್ತಾರೆ" ಅಂತ ಬರೆದು, ಪರ ಕಾಲಂ ತುಂಬಿ, ವಿರುದ್ಧದ್ದು ಖಾಲಿ ಉಳಿದರೆ, ಆ ಯೋಚನೆ ಸರಿ ಅಂತಲೇ ಅರ್ಥ. ಆಗ ಬದಲಾಗಬೇಕಿರೋದು ಯೋಚನೆ ಅಲ್ಲ. ನೋವು ಕೊಡೋರ ಜೊತೆ ಬದುಕ್ತಿರೋರಿಗೆ "ಬೇರೆ ಥರ ಯೋಚಿಸಿ ನೋಡು" ಅನ್ನೋದು ಅನ್ಯಾಯ. ಅವರಿಗೆ ಬೇಕಿರೋದು ಜೊತೆಗೆ ನಿಲ್ಲೋ ಜನ.

ಆದರೆ ಅಂಥ ಮನೇಲಿ ಬಾಳಿದವರ ತಲೇಲಿ "ನಾನು ಸರಿ ಇದ್ದಿದ್ದರೆ ಹೀಗಾಗ್ತಿರಲಿಲ್ಲ" ಅಂತಾನೂ ಒಂದು ಮಾತು ಕೂತಿರುತ್ತೆ. ಅದನ್ನ ಮಾತ್ರ ದಯವಿಟ್ಟು ಪ್ರಶ್ನೆ ಮಾಡಿ ಅಮ್ಮಾ.

ಹಳೇಕನ್ನಡಕ:

ಕೂತಿದೆ ಮಗಳೇ. ಇವತ್ತು ಬರೀತೀನಿ.

ನಿರ್ವಾಹಕರು:

ಒಂದು ಮಾತು ಮಧ್ಯೆ. ಬದುಕೋದೇ ಬೇಡ, ಜೀವ ಕಳ್ಕೊಬೇಕು ಅನ್ನೋ ಯೋಚನೆ ಬರ್ತಿದ್ದರೆ ದಯವಿಟ್ಟು ಒಬ್ಬರೇ ಕೂತು ಹಾಳೆ ತುಂಬಬೇಡಿ. ಆ ಹೊತ್ತಲ್ಲಿ ನಂಬುವ ಒಬ್ಬರಿಗೆ ಫೋನ್ ಮಾಡಿ, ಜೊತೆಗಿರೋಕೆ ಹೇಳಿ. ಸಹಾಯವಾಣಿಗೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಬೇರೆ ಯಾರಾದರೂ ಇಲ್ಲಿ ಹಾಗೆ ಬರೆದದ್ದು ಕಂಡರೆ ನಮಗೆ ತಕ್ಷಣ ತಿಳಿಸಿ.

ಹೊಂಗೆನೆರಳು:

ಮೀಟಿಂಗ್ ಆಯ್ತು. ಹಳೇ ಅಂಕಿ ಉಳಿದಿದ್ದ ಟೇಬಲ್ ಬಗ್ಗೆ ಕೇಳಿದರು, ಸ್ವಲ್ಪ ಖಾರವಾಗೇ ಹೇಳಿದರು, ಎರಡು ಭಾಗ ಮತ್ತೆ ಬರೀಬೇಕು. ಮುಖ ಬಿಸಿ ಆಯ್ತು. ಕೆಲಸದ ಮಾತು ಬರಲೇ ಇಲ್ಲ. ಹಾಳೇಲಿ ಬರೆದ ಕೊನೆ ವಾಕ್ಯ ಹೆಚ್ಚುಕಡಿಮೆ ಹಾಗೇ ಆಗಿದ್ದು ನೋಡಿ ನನಗೆ ಅದರ ಮೇಲೆ ಗೌರವ ಬಂತು. "ಎಲ್ಲಾ ಚೆನ್ನಾಗೇ ಆಗುತ್ತೆ" ಅಂತ ಹೇಳ್ಕೊಂಡು ಹೋಗಿದ್ದರೆ ಆ ಖಾರದ ಮಾತಿಗೇ ಕುಸಿದುಬಿಡ್ತಿದ್ದೆ.

ಇನ್ನೊಂದು ತೊಂದರೆ ಉಳಿದಿದೆ. ಹಗಲಲ್ಲಿ ಇದೆಲ್ಲ ಮಾಡಬಹುದು. ರಾತ್ರಿ ಮೂರು ಗಂಟೆಗೆ ಎಚ್ಚರ ಆದಾಗ ಏನು ಮಾಡ್ತೀರಿ?

ಸುಮ್ಮನಿರುವವಳು:

ಆ ಹೊತ್ತಲ್ಲಿ ನಾನು ವಾದ ಮಾಡೋದೇ ಇಲ್ಲ. "ನಾನು ಸೋತುಹೋದೆ" ಅಂತ ಬಂದರೆ, "ನಾನು ಸೋತುಹೋದೆ ಅನ್ನೋ ಯೋಚನೆ ಈಗ ಬಂದಿದೆ" ಅಂತ ಪೂರ್ತಿಯಾಗಿ ಹೇಳ್ಕೋತೀನಿ. ಸರಿ, ತಪ್ಪು ಅನ್ನಲ್ಲ. ಯೋಚನೆ ಅಲ್ಲಿ, ನಾನು ಇಲ್ಲಿ. ಧ್ಯಾನವನ್ನೂ ಬೆಕ್ ವಿಧಾನವನ್ನೂ ಸೇರಿಸಿ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಅನ್ನೋ ಮೂವರು ರೂಪಿಸಿದ 8 ವಾರದ ತರಬೇತಿ ಇದೆ, ಖಿನ್ನತೆ ಮತ್ತೆ ಮತ್ತೆ ಮರುಕಳಿಸೋರಿಗಾಗಿ ಮಾಡಿದ್ದು. ನಾನು ಇದನ್ನ ಕಲಿತಿದ್ದು ಅದರಲ್ಲಿ. ನಿದ್ದೆಗಣ್ಣಲ್ಲಿ ಸಾಕ್ಷಿ ತೂಗೋ ಶಕ್ತಿ ಯಾರಿಗೂ ಇರಲ್ಲ.

ಮಸಿಕುಡಿಕೆ:

ನಾನು ಆ ಒಂದು ವಾಕ್ಯವನ್ನ ಮಾತ್ರ ಚೀಟೀಲಿ ಬರೆದಿಡ್ತೀನಿ, ಉಳಿದ ಕಾಲಂ ಬೆಳಿಗ್ಗೆಗೆ. ಫೋನಲ್ಲಿ ಬರೆಯಬೇಡಿ, ಮೆಸೇಜ್ ನೋಡೋಕೆ ಶುರು ಮಾಡ್ತೀರಿ. ಎಷ್ಟೋ ಸಲ ಬೆಳಿಗ್ಗೆ ಅದಕ್ಕೆ ಹಾಳೆಯೇ ಬೇಕಾಗಲ್ಲ. ಬೇಕಾದ ದಿನ ಬರೀತೀನಿ.

ಎರಡನೇಸೆಮ್:

ಅಕ್ಕ, "ಯಾವುದಕ್ಕೂ ಲಾಯಕ್ಕಿಲ್ಲ" ಹಾಳೆಗೆ ಹಾಕಿದೆ. ವಿರುದ್ಧ ಕಾಲಂನಲ್ಲಿ ನಾಲ್ಕು ಬಂತು, ಪಾಸಾದ ಸಬ್ಜೆಕ್ಟ್ ಬಿಟ್ಟು. ತಮ್ಮನಿಗೆ ಲೆಕ್ಕ ಹೇಳಿಕೊಡ್ತೀನಿ, ಅವನಿಗೆ ಅರ್ಥ ಆಗುತ್ತೆ. ಅದನ್ನ ಬರೆಯುವಾಗ ಅಳು ಬಂತು. ಇನ್ನೂ ಇಂಥವು ತುಂಬಾ ಇವೆ, ಎಲ್ಲಾ ಇವತ್ತೇ ಬರೀಲಾ?

ತಂಗಾಳಿ:

ಬೇಡ. ದಿನಕ್ಕೆ ಒಂದು ಸಾಕು, ಅದೂ ಆ ದಿನ ಹೆಚ್ಚು ಕಾಡಿದ್ದು ಮಾತ್ರ. ಈಗ ಹೋಗಿ ಮರುಪರೀಕ್ಷೆಗೆ ಅರ್ಜಿ ಹಾಕೋ ಕೊನೇ ದಿನ ಯಾವುದು ಅಂತ ನೋಡ್ಕೊಂಡು ಬಂದು ಇಲ್ಲಿ ಹಾಕು. ಹೋಗಿರೋ ಸಬ್ಜೆಕ್ಟ್ ಯಾವುದು ಅಂತಾನೂ ಹೇಳು, ಇಲ್ಲಿ ಪಾಠ ಮಾಡೋರು ಒಂದಿಬ್ಬರು ಇದ್ದಾರೆ.